ನೆರೆಯವನ ಧರ್ಮವನ್ನು ಯಾರಿಂದ ಕಲಿತಿರಿ?

ಬೇರೆ ಧರ್ಮದವರ ನಡುವೆ ಕ್ರೈಸ್ತ ಸುವಾರ್ತಾ ಸೇವೆಗೆ ಹೊರಡುವವರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಬರುವವರಲ್ಲಿ ಬಹುಪಾಲು ಒಳ್ಳೆಯವರು. ಹೊಸ ಭಾಷೆ ಕಲಿಯಲು ಒದ್ದಾಡುತ್ತಾರೆ, ಉಪವಾಸವಿದ್ದು ಪಾಠಕ್ಕೆ ಬಂದು ಪಾಪ ತೂಕಡಿಸುತ್ತಾರೆ. ಆದರೆ ಮೊದಲ ವಾರದಲ್ಲೇ ಯಾರಾದರೊಬ್ಬರು ಕೈ ಎತ್ತಿ ಕೇಳುತ್ತಾರೆ: "ಪಾಸ್ಟರ್, ಅವರು ಹೀಗೆ ವಾದಿಸಿದರೆ ನಾವು ಏನು ಉತ್ತರ ಕೊಡಬೇಕು?" ಅವರು ಹಾಗೆ ವಾದಿಸುತ್ತಾರೆಂದು ನಿಮಗೆ ಹೇಳಿದವರು ಯಾರು ಎಂದು ಕೇಳಿದರೆ ಚೀಲದಿಂದ ಒಂದು ಕಿರುಪುಸ್ತಕ ಹೊರಬರುತ್ತದೆ. ಬರೆದವರು ನಮ್ಮವರೇ, ಅಚ್ಚು ಹಾಕಿಸಿದವರೂ ನಮ್ಮವರೇ.

ಅದಕ್ಕೆ ನಾನೊಂದು ಅಭ್ಯಾಸ ಇಟ್ಟಿದ್ದೇನೆ. ನೀವು ಯಾರ ನಡುವೆ ಕೆಲಸ ಮಾಡಲಿದ್ದೀರೋ ಅವರ ನಂಬಿಕೆಯನ್ನು ಒಂದು ಪುಟದಲ್ಲಿ ಬರೆಯಿರಿ, ಟೀಕೆ ಬೇಡ. ಆ ಪುಟವನ್ನು ಆ ಧರ್ಮದವರೊಬ್ಬರ ಕೈಗೇ ಕೊಡುತ್ತೇನೆ. ಒಮ್ಮೆ ನಿವೃತ್ತ ಅಧ್ಯಾಪಕಿಯೊಬ್ಬರು ಓದಿ ನೋಡಲು ಒಪ್ಪಿ ಬಂದಿದ್ದರು. ಒಬ್ಬ ಯುವಕ, "ಇವರು ಭಯದಿಂದ ಪ್ರಾರ್ಥಿಸುತ್ತಾರೆ. ಇವರಿಗೆ ಕ್ಷಮೆ ಎಂಬುದೇ ಗೊತ್ತಿಲ್ಲ" ಎಂದು ಬರೆದಿದ್ದ. ಆಕೆ ಎರಡನೆಯ ವಾಕ್ಯದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, ತಾವು ರಾತ್ರಿ ಮಲಗುವ ಮುನ್ನ ಹೇಳುವ ಪ್ರಾರ್ಥನೆಯನ್ನು ಅಂಚಿನಲ್ಲಿ ಬರೆದರು. ನಾಲ್ಕೇ ಸಾಲು, ನಾಲ್ಕೂ ಕ್ಷಮಾಯಾಚನೆ. "ಮೇಡಂ, ಇದು ನೀವೇ ಕಟ್ಟಿಕೊಂಡದ್ದೋ, ನಿಮ್ಮ ಧರ್ಮದ್ದೋ?" ಎಂದು ಹುಡುಗ ಕೇಳಿದ. "ನಮ್ಮ ತಾಯಿ ಕಲಿಸಿದ್ದಪ್ಪ. ಅವರಿಗೆ ಅವರ ತಾಯಿ ಕಲಿಸಿದ್ದರಂತೆ," ಎಂದರು.

ನೆರೆಯವನ ಮೇಲೆ ಸುಳ್ಳು ಸಾಕ್ಷಿ ಹೇಳಬಾರದು ಎಂಬುದು ಬೈಬಲ್ಲಿನ ದಶಾಜ್ಞೆಗಳಲ್ಲಿ ಒಂಬತ್ತನೆಯದು. ಕೆಲವು ಕ್ರೈಸ್ತ ಸಭೆಗಳ ಎಣಿಕೆಯಲ್ಲಿ ಎಂಟನೆಯದು. ನ್ಯಾಯಾಲಯದ ಕಟಕಟೆಗೆ ಮಾತ್ರ ಅದು ಅನ್ವಯಿಸುತ್ತದೆ ಎಂದು ನಮ್ಮವರು ಹೇಗೋ ತೀರ್ಮಾನಿಸಿಬಿಟ್ಟಿದ್ದಾರೆ. ನೆರೆಯವನು ನಂಬದ ಸಂಗತಿಯನ್ನು ಅವನ ನಂಬಿಕೆ ಎಂದು ವೇದಿಕೆಯ ಮೇಲೆ ನಿಂತು ಹೇಳಿದರೆ ಅದೂ ಸುಳ್ಳು ಸಾಕ್ಷಿಯೇ. ಉದ್ದೇಶ ಒಳ್ಳೆಯದಿತ್ತು ಎಂದರೆ ಅದು ನಿಜವಾಗುವುದಿಲ್ಲ. ಪುಸ್ತಕದಲ್ಲಿ ಹಾಗೇ ಇತ್ತು ಎಂದರೂ ಆಗುವುದಿಲ್ಲ.

ಇಷ್ಟು ಹೇಳುತ್ತಿದ್ದಂತೆ ಹಿಂದಿನ ಸಾಲಿನಿಂದ, "ಹಾಗಾದರೆ ಎಲ್ಲ ಧರ್ಮಗಳೂ ಒಂದೇ ಎನ್ನುತ್ತೀರಾ?" ಎಂಬ ಆಕ್ಷೇಪ ಬಂದೇ ಬರುತ್ತದೆ. ಇಲ್ಲ. ನಾನು ಹಾಗೆ ಹೇಳಿಲ್ಲ, ಹೇಳುವುದೂ ಇಲ್ಲ. ಒಬ್ಬನ ನಂಬಿಕೆಯನ್ನು ಸರಿಯಾಗಿ ತಿಳಿಯುವುದು ಬೇರೆ, ಅದನ್ನು ಒಪ್ಪುವುದು ಬೇರೆ. ಸರಿಯಾಗಿ ತಿಳಿಯದವನಿಗೆ ಭಿನ್ನಾಭಿಪ್ರಾಯ ಹೊಂದುವ ಯೋಗ್ಯತೆಯೂ ಇರುವುದಿಲ್ಲ. ಅವನು ಜಗಳವಾಡುವುದು ತನ್ನ ಕಲ್ಪನೆಯ ಜೊತೆಗೆ.

ಬೈಬಲ್ಲಿನಲ್ಲಿ ಬರುವ ಅಪೊಸ್ತಲ ಪೌಲ ಅಥೇನೆಯಲ್ಲಿ ಅರಿಯೊಪಾಗವೆಂಬ ಸಭೆಯ ಮುಂದೆ ಮಾಡಿದ ಭಾಷಣ ನಮ್ಮವರೆಲ್ಲರಿಗೂ ಬಾಯಿಪಾಠ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಎಫೆಸದ ಗಲಭೆ. ಅರ್ತೆಮೀ ದೇವಿಯ ಬೆಳ್ಳಿಯ ಗುಡಿಗಳನ್ನು ಮಾಡುತ್ತಿದ್ದ ದೇಮೇತ್ರಿಯನೆಂಬ ಅಕ್ಕಸಾಲಿಗ, ಪೌಲನ ಬೋಧನೆಯಿಂದ ತನ್ನ ಕಸುಬಿಗೆ ಹೊಡೆತ ಬಿತ್ತೆಂದು ಜನರನ್ನು ಎಬ್ಬಿಸುತ್ತಾನೆ. ಪೌಲನ ಜೊತೆಗಾರರಾದ ಗಾಯನನ್ನೂ ಅರಿಸ್ತಾರ್ಕನನ್ನೂ ಜನ ಎಳೆದೊಯ್ಯುತ್ತಾರೆ. ಕೊನೆಗೆ ಆ ಪಟ್ಟಣದ ಅಧಿಕಾರಿಯೇ ಎದ್ದುನಿಂತು, ಇವರು ದೇವಸ್ಥಾನ ದೋಚಿದವರಲ್ಲ, ನಮ್ಮ ದೇವಿಯನ್ನು ದೂಷಿಸಿದವರೂ ಅಲ್ಲ ಎನ್ನುತ್ತಾನೆ. ಕೈಯಿಂದ ಮಾಡಿದವು ದೇವರಲ್ಲ ಎಂದು ಪೌಲ ಹೇಳುತ್ತಿದ್ದ ಎಂಬುದು ದೇಮೇತ್ರಿಯನ ದೂರಿನಲ್ಲೇ ಇದೆ. ಅಂದರೆ ಪೌಲ ತನ್ನ ಮಾತನ್ನು ನುಂಗಿಕೊಂಡಿರಲಿಲ್ಲ. ಆದರೂ ಆ ಗುಂಪಿನವರ ಬಾಯಿಂದ ದೂಷಣೆ ಬಂದಿಲ್ಲವೆಂದು ಸಾಕ್ಷಿ ಹೇಳಿದವನು ಅರ್ತೆಮೀ ದೇವಿಯ ಭಕ್ತರ ಊರಿನವನೇ. ನಮ್ಮ ಪರವಾಗಿ ಅಂಥ ಮಾತು ಹೇಳುವವರು ಇಂದು ಯಾರಿದ್ದಾರೆ ಎಂದು ಪ್ರತಿ ತಂಡವನ್ನೂ ಕೇಳುತ್ತೇನೆ. ಕೋಣೆ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ.

ಇದು ಹೊಸ ಕಾಲದ ನಯನಾಜೂಕು ಎಂದುಕೊಳ್ಳಬೇಡಿ. 1706ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದಿಳಿದ ಜರ್ಮನ್ ಮಿಷನರಿ ಬಾರ್ತೊಲೊಮೇವುಸ್ ಝೀಗನ್‌ಬಾಲ್ಗ್ ತಮಿಳು ತಾಳೆಗರಿಗಳನ್ನು ಸಂಗ್ರಹಿಸಿದರು. ಆ ಸೀಮೆಯ ತಿಳಿದವರಿಗೆ ಪ್ರಶ್ನೆಗಳನ್ನು ಕಳುಹಿಸಿ, ಅವರದೇ ಮಾತಿನಲ್ಲಿ ಬರೆದ ಉತ್ತರಗಳನ್ನು ತರಿಸಿಕೊಂಡರು. ಅಲ್ಲಿನ ದೇವತೆಗಳ ಕುರಿತು 1713ರಲ್ಲಿ ಒಂದು ದೊಡ್ಡ ಗ್ರಂಥವನ್ನೇ ಸಿದ್ಧಪಡಿಸಿ ಜರ್ಮನಿಗೆ ಕಳುಹಿಸಿದರು. ಅಲ್ಲಿನ ಹಾಲೆ ಪಟ್ಟಣದಲ್ಲಿದ್ದ ಮಿಷನ್ನಿನ ಹಿರಿಯರಿಗೆ ಅದು ರುಚಿಸಲಿಲ್ಲ. ಗ್ರಂಥ ಅಚ್ಚಾದದ್ದು 1867ರಲ್ಲಿ. ಕೇಳಿಸಿಕೊಳ್ಳುವ ಸೇವಕನ ಮೇಲೆ ಅವನ ಸ್ವಂತ ಸಭೆಯೇ ಅನುಮಾನಪಡುವ ಚಾಳಿ ಎಷ್ಟು ಹಳೆಯದು ನೋಡಿ! ಹಾಗೆಂದು ಝೀಗನ್‌ಬಾಲ್ಗ್ ಬರೆದದ್ದನ್ನೆಲ್ಲ ನಾನು ಒಪ್ಪುವುದಿಲ್ಲ. ಆ ಕಾಲದ ಕಟುಮಾತು ಅವರಲ್ಲೂ ಇದೆ.

2011ರಲ್ಲಿ ಕ್ರೈಸ್ತ ಸಭೆಗಳ ಜಾಗತಿಕ ಮಂಡಳಿ, ವ್ಯಾಟಿಕನ್ನಿನ ಅಂತರಧರ್ಮೀಯ ಸಂವಾದ ಪರಿಷತ್ತು ಮತ್ತು ಜಾಗತಿಕ ಇವ್ಯಾಂಜೆಲಿಕಲ್ ಒಕ್ಕೂಟ ಸೇರಿ, ಬಹುಧರ್ಮೀಯ ಜಗತ್ತಿನಲ್ಲಿ ಕ್ರೈಸ್ತ ಸಾಕ್ಷಿ ಹೇಗಿರಬೇಕೆಂದು ಒಂದು ಚಿಕ್ಕ ದಾಖಲೆ ಹೊರತಂದವು. ಈ ಮೂವರು ಒಂದೇ ಕಾಗದಕ್ಕೆ ಒಪ್ಪುವುದು ಸಣ್ಣ ಮಾತಲ್ಲ. ಐದು ವರ್ಷ ಹಿಡಿಯಿತು. ಅನ್ಯಧರ್ಮಗಳ ಬಗ್ಗೆ ಸುಳ್ಳು ಸಾಕ್ಷಿ ಹೇಳಬಾರದು ಎಂಬುದು ಅದರಲ್ಲೂ ಇದೆ. ಬಲವಂತ, ಆಮಿಷಗಳ ವಿಚಾರವೂ ಇದೆ. ಅವು ಕೂಡದೆಂದು ನಾನು ಹೇಳಿಕೊಡಬೇಕಾಗಿಲ್ಲ. ಕಾನೂನು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಹೋಗುವ ಮುನ್ನ ಅಲ್ಲಿನ ವಕೀಲರನ್ನು ಕೇಳಿ, ನನ್ನನ್ನಲ್ಲ.

ಇನ್ನೊಂದು ಕಸರತ್ತನ್ನೂ ಬಿಡಿ. ನಮ್ಮ ಗ್ರಂಥದ ಅತ್ಯುತ್ತಮ ವಚನವನ್ನು ಅವರ ಬೀದಿಯ ಅತಿ ಕೆಟ್ಟ ನಡತೆಯ ಪಕ್ಕದಲ್ಲಿಟ್ಟು ತೂಗುವುದು. ಸ್ಟಾಕ್‌ಹೋಮಿನ ಬಿಷಪ್ ಆಗಿದ್ದ ಕ್ರಿಸ್ಟರ್ ಸ್ಟೆಂಡಾಲ್ ಇದನ್ನು 1985ರಲ್ಲೇ ಬೇಡವೆಂದಿದ್ದರು. ಗ್ರಂಥಕ್ಕೆ ಗ್ರಂಥ, ನಡತೆಗೆ ನಡತೆ. ನಡತೆಯನ್ನು ತೂಗಲು ಕುಳಿತರೆ ನಮ್ಮ ಸಭೆಗಳ ಪದಾಧಿಕಾರಿಗಳ ಚುನಾವಣೆಯನ್ನೂ ತಕ್ಕಡಿಗೆ ಹಾಕಬೇಕಾದೀತು!

ನಮ್ಮ ತರಬೇತಿಯ ಅರ್ಜಿಯಲ್ಲಿ ಈಗ ಒಂದು ಅಂಕಣ ಸೇರಿಸಿದ್ದೇನೆ: ಆ ಧರ್ಮವನ್ನು ಪಾಲಿಸುವ ಯಾರೊಂದಿಗೆ ಅವರ ಪ್ರಾರ್ಥನೆಯ ಕುರಿತು ಮಾತನಾಡಿದ್ದೀರಿ? ಹಲವರು ಖಾಲಿ ಬಿಡುತ್ತಾರೆ. ಮೊನ್ನೆ ಒಬ್ಬರು ಫೋನ್ ಮಾಡಿ, ಆ ಧರ್ಮವನ್ನು ಬಿಟ್ಟು ನಮ್ಮ ಸಭೆಗೆ ಬಂದವರ ಹೆಸರು ಬರೆದರೆ ಸಾಕೇ ಎಂದು ಕೇಳಿದರು. ಸಾಲದು ಎಂದೆ. ಬಂದವರ ಸಾಕ್ಷಿ ಅಮೂಲ್ಯ. ಅವರು ಯಾಕೆ ಬಂದರೆಂಬುದನ್ನು ಅವರಷ್ಟು ಚೆನ್ನಾಗಿ ಬೇರೆ ಯಾರೂ ಹೇಳಲಾರರು. ಆದರೆ ನೀವು ಹೋಗುತ್ತಿರುವುದು ಅಲ್ಲೇ ಉಳಿದವರ ಬಳಿಗೆ. ಅವರು ಯಾಕೆ ಉಳಿದಿದ್ದಾರೆಂದು ಅವರನ್ನೇ ಕೇಳಿ ಬನ್ನಿ, ಅರ್ಜಿಯ ಕೊನೆಯ ದಿನಾಂಕವನ್ನು ನಿಮಗಾಗಿ ಮುಂದೆ ಹಾಕುತ್ತೇನೆ ಎಂದೆ.