ಒಂದೇ ಪ್ರಿಂಟರ್, ಮೂರು ಥರದ ಕಂಪ್ಯೂಟರ್: ಹೊಂದಿಸೋದು ಹೇಗೆ?

ಪ್ರಶ್ನೆ: ಮನೆಯಲ್ಲಿ ಒಂದು ವೈಫೈ ಪ್ರಿಂಟರ್ ಇದೆ. ನನ್ನದು ವಿಂಡೋಸ್, ಮಗಳದು ಮ್ಯಾಕ್, ಮಗ ಉಬುಂಟು ಬಳಸುತ್ತಾನೆ. ನನ್ನ ಲ್ಯಾಪ್‌ಟಾಪ್‌ನಿಂದ ಪ್ರಿಂಟರ್ ಶೇರ್ ಮಾಡಿದ್ದೇನೆ. ನಾಲ್ಕು ದಿನ ಸರಿಯಿರುತ್ತದೆ. ಕರೆಂಟ್ ಹೋಗಿ ಬಂದರೆ ಎಲ್ಲರಿಗೂ ಕೈಕೊಡುತ್ತದೆ. ಏನು ಮಾಡಲಿ?

ಉತ್ತರ: ಮೊದಲು ಆ ಶೇರಿಂಗ್ ತೆಗೆದುಬಿಡಿ. ವೈಫೈ ಪ್ರಿಂಟರ್‌ಗೆ ನಿಮ್ಮ ಲ್ಯಾಪ್‌ಟಾಪ್‌ನ ಹಂಗು ಬೇಕಿಲ್ಲ. ನೀವು ಲ್ಯಾಪ್‌ಟಾಪ್ ಮುಚ್ಚಿಟ್ಟು ಹೊರಟರೆ ಮಕ್ಕಳ ಪ್ರಿಂಟ್ ನಿಲ್ಲುತ್ತದೆ, ಅಲ್ವಾ? 2021ರಲ್ಲಿ ವಿಂಡೋಸ್‌ನ ಪ್ರಿಂಟ್ ಸ್ಪೂಲರ್‌ನಲ್ಲಿ (ಪ್ರಿಂಟ್ ಕೆಲಸಗಳನ್ನು ಸಾಲಾಗಿ ನಿಲ್ಲಿಸಿ ಪ್ರಿಂಟರ್‌ಗೆ ಕಳಿಸುವ ಭಾಗ) ದೊಡ್ಡ ಭದ್ರತಾ ದೋಷ ಸಿಕ್ಕಿತ್ತು. ಅದನ್ನು ಸರಿಪಡಿಸಲು ಬಂದ ಅಪ್‌ಡೇಟ್‌ಗಳ ನಂತರ ಈ ಥರದ ಶೇರಿಂಗ್‌ನ ಕಿರಿಕಿರಿ ಇನ್ನೂ ಜಾಸ್ತಿಯಾಯಿತು. ಮೂರೂ ಕಂಪ್ಯೂಟರ್ ನೇರವಾಗಿ ಪ್ರಿಂಟರ್ ಜೊತೆ ಮಾತಾಡಲಿ.

ಇನ್ನು ಕರೆಂಟ್ ವಿಷಯ. ಮನೆಯ ರೂಟರ್ ಪ್ರತಿ ಸಾಧನಕ್ಕೂ ಒಂದು ಐಪಿ ವಿಳಾಸ ಕೊಡುತ್ತದೆ. ನಿನ್ನೆ ಪ್ರಿಂಟರ್‌ಗೆ 192.168.1.7 ಸಿಕ್ಕಿತ್ತು ಅನ್ನಿ. ಕರೆಂಟ್ ಬಂದ ಮೇಲೆ ಆ 7 ಯಾರದೋ ಫೋನ್‌ಗೆ ಹೋಗಿ, ಪ್ರಿಂಟರ್‌ಗೆ 11 ಸಿಗಬಹುದು. ವಿಂಡೋಸ್ ಹಳೇ ವಿಳಾಸದ ಬಾಗಿಲು ತಟ್ಟುತ್ತಲೇ ಇರುತ್ತದೆ. ಉತ್ತರ ಬಾರದಿದ್ದರೆ ‘ಆಫ್‌ಲೈನ್’ ಅನ್ನುತ್ತದೆ. ಪ್ರಿಂಟರ್ ಕೆಟ್ಟಿಲ್ಲ, ಮನೆ ಬದಲಾಯಿಸಿದೆ ಅಷ್ಟೇ.

ಆದ್ದರಿಂದ ವಿಳಾಸ ಕಾಯಂ ಮಾಡಿ. ಪ್ರಿಂಟರ್‌ನಿಂದಲೇ ನೆಟ್‌ವರ್ಕ್ ಮಾಹಿತಿ ಪುಟ ಪ್ರಿಂಟ್ ತೆಗೆಯಿರಿ. ಅದರಲ್ಲಿ ಈಗಿನ ಐಪಿ, ಮ್ಯಾಕ್ ಅಡ್ರೆಸ್ ಎರಡೂ ಇರುತ್ತವೆ. ಮ್ಯಾಕ್ ಅಡ್ರೆಸ್ ಅಂದರೆ ಪ್ರಿಂಟರ್‌ನ ಬದಲಾಗದ ಗುರುತಿನ ಸಂಖ್ಯೆ. (ಈ ಮ್ಯಾಕ್‌ಗೂ ಮಗಳ ಮ್ಯಾಕ್‌ಗೂ ಸಂಬಂಧವಿಲ್ಲ!) ರೂಟರ್‌ನ ಸೆಟ್ಟಿಂಗ್ಸ್‌ನಲ್ಲಿ ‘ಅಡ್ರೆಸ್ ರಿಸರ್ವೇಶನ್’ ಹುಡುಕಿ, ಆ ಮ್ಯಾಕ್ ಅಡ್ರೆಸ್‌ಗೆ ಒಂದು ಐಪಿ ಕಟ್ಟಿಹಾಕಿ. 192.168.1.50 ಆಗಬಹುದು. ಪ್ರಿಂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿ. ನಾನು ಈ ನಂಬರನ್ನು ಚೀಟಿಯಲ್ಲಿ ಬರೆದು ಪ್ರಿಂಟರ್ ಬೆನ್ನಿಗೇ ಅಂಟಿಸಿದ್ದೇನೆ. ಎಷ್ಟು ಸಲ ಉಪಯೋಗಕ್ಕೆ ಬಂದಿದೆಯೋ!

ವಿಂಡೋಸ್‌ನಲ್ಲಿ ಹಳೇ ಪ್ರಿಂಟರ್ ಅಳಿಸಿ. ಹೊಸದಾಗಿ ಸೇರಿಸುವಾಗ ಅದು ತಾನಾಗಿ ತೋರಿಸುವುದನ್ನು ಒತ್ತಬೇಡಿ. ಕೈಯಾರೆ ಸೇರಿಸುವ ಆಯ್ಕೆಗೆ ಹೋಗಿ, ಟಿಸಿಪಿ/ಐಪಿ ವಿಳಾಸ ಆರಿಸಿ, 192.168.1.50 ಕೊಡಿ. ಮ್ಯಾಕ್ ಮತ್ತು ಉಬುಂಟುವಿನಲ್ಲಿ ಇಷ್ಟು ಕಷ್ಟವಿಲ್ಲ. ಎರಡರ ಒಳಗೂ ಪ್ರಿಂಟ್ ಕೆಲಸ ನೋಡಿಕೊಳ್ಳುವುದು ಕಪ್ಸ್ ಎಂಬ ಒಂದೇ ತಂತ್ರಾಂಶ. ಪ್ರಿಂಟರ್‌ನಲ್ಲಿ ಆಪಲ್‌ನ ಏರ್‌ಪ್ರಿಂಟ್ ಸೌಲಭ್ಯ ಇದ್ದರೆ ಡ್ರೈವರ್ (ಆ ಪ್ರಿಂಟರ್‌ಗೆಂದೇ ಹಾಕುವ ತಂತ್ರಾಂಶ) ಇಲ್ಲದೆಯೇ ಸಿಗುತ್ತದೆ.

ಆದರೂ ಕಾಣಿಸದಿದ್ದರೆ ಒಂದು ಪರೀಕ್ಷೆ ಮಾಡಿ. ಮಗಳ ಲ್ಯಾಪ್‌ಟಾಪ್ ‘ಗೆಸ್ಟ್’ ವೈಫೈಗೆ ಸೇರಿದೆಯಾ ನೋಡಿ. ಗೆಸ್ಟ್‌ನಲ್ಲಿ ಇಂಟರ್ನೆಟ್ ಬರುತ್ತದೆ, ಆದರೆ ಮನೆಯ ಬೇರೆ ಸಾಧನಗಳು ಸಾಮಾನ್ಯವಾಗಿ ಕಾಣುವುದಿಲ್ಲ. ಎಷ್ಟೋ ಜನ ಇದು ಗೊತ್ತಾಗದೆ ಸುಮ್ನೆ ಡ್ರೈವರ್ ಹಾಕಿ ತೆಗೆದು ಮಾಡುತ್ತಾರೆ.

ಕನ್ನಡದವರಿಗೆ ಇನ್ನೊಂದು ಮಾತು. ನುಡಿ ತಂತ್ರಾಂಶದ ಹಳೇ ಆಸ್ಕಿ ಫಾಂಟ್‌ನಲ್ಲಿ (ಇಂಗ್ಲಿಷ್ ಅಕ್ಷರಗಳಿಗೇ ಕನ್ನಡದ ರೂಪ ತೊಡಿಸುವ ಫಾಂಟ್) ಟೈಪ್ ಮಾಡಿದ ಪತ್ರವನ್ನು ಮಗನ ಉಬುಂಟುವಿನಿಂದ ಪ್ರಿಂಟ್ ಕೊಟ್ಟರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರಬಹುದು. ಅದು ಪ್ರಿಂಟರ್ ತಪ್ಪಲ್ಲ, ಅಲ್ಲಿ ಆ ಫಾಂಟ್ ಇಲ್ಲ. ಫಾಂಟ್ ಇರುವ ನಿಮ್ಮ ಕಂಪ್ಯೂಟರ್‌ನಲ್ಲೇ ಪಿಡಿಎಫ್ ಮಾಡಿ ಅವನಿಗೆ ಕಳಿಸಿ.