ಬಾಗಿಲು ತೆಗೆದರೂ ಅಲಾರಂ ಸುಮ್ಮನಿರೋದು ಯಾಕೆ?

ಪ್ರಶ್ನೆ: ಮನೆಗೆ ಅಲಾರಂ ಹಾಕಿಸಿದ್ದೇವೆ. ಮುಂಬಾಗಿಲು ತೆಗೆದರೆ 30 ಸೆಕೆಂಡ್ ಬರೀ ಬೀಪ್ ಬೀಪ್ ಅನ್ನುತ್ತದೆ, ಆಮೇಲೆ ಸೈರನ್. ಅಷ್ಟರಲ್ಲಿ ಕಳ್ಳ ಒಳಗೆಲ್ಲ ತಡಕಾಡಿಬಿಡಲ್ವಾ?

ಉತ್ತರ: ಆ 30 ಸೆಕೆಂಡ್ ಇರುವುದು ನೀವು ಕೋಡ್ ಒತ್ತೋದಕ್ಕೆ. ಕೀಪ್ಯಾಡ್ ಮನೆಯೊಳಗಿದೆ, ಅಲ್ಲಿಗೆ ಹೋಗಬೇಕಾದರೆ ಬಾಗಿಲು ತೆಗೆಯಲೇಬೇಕು. ತೆಗೆದವರು ಯಜಮಾನರೋ ಕಳ್ಳರೋ, ಬಾಗಿಲ ಸೆನ್ಸರಿಗೆ ತಿಳಿಯುವುದಿಲ್ಲ. ಅದಕ್ಕೇ ಆ ಒಂದು ಬಾಗಿಲನ್ನು ಡಿಲೇ ಝೋನ್‌ಗೆ, ಅಂದರೆ ಸ್ವಲ್ಪ ಕಾದು ಸೈರನ್ ಕೂಗಿಸುವ ಗುಂಪಿಗೆ, ಹಾಕಿರುತ್ತಾರೆ. ಹೊರಗೆ ಹೋಗುವಾಗ ಸಿಗುವ ಎಕ್ಸಿಟ್ ಡಿಲೇ ಸಾಮಾನ್ಯವಾಗಿ ಇನ್ನೂ ಸ್ವಲ್ಪ ಜಾಸ್ತಿ.

ಈ ರಿಯಾಯಿತಿ ಇಡೀ ಮನೆಗಲ್ಲ. ಕಿಟಕಿಗಳು ಇನ್‌ಸ್ಟಂಟ್ ಝೋನ್‌ನಲ್ಲಿರುತ್ತವೆ, ತೆಗೆದ ಕೂಡಲೇ ಸೈರನ್. ಹೊಗೆಯ ಸೆನ್ಸರ್, ಪ್ಯಾನಿಕ್ ಬಟನ್ ಅಂತೂ ಅಲಾರಂ ಆಫ್ ಇದ್ದರೂ ಎಚ್ಚರವಾಗಿರುತ್ತವೆ. ನನಗೆ ತುಂಬ ಇಷ್ಟವಾಗುವುದು ಫಾಲೋವರ್ ಝೋನ್. ಹಾಲ್‌ನಲ್ಲಿ (ನಡುಮನೆಯಲ್ಲಿ) ಓಡಾಟ ಗುರುತಿಸುವ ಮೋಷನ್ ಸೆನ್ಸರನ್ನು ಹೀಗೆ ಇಟ್ಟರೆ ಅದು ಮುಂಬಾಗಿಲನ್ನು ಅನುಸರಿಸುತ್ತದೆ. ಮೊದಲು ಬಾಗಿಲು ತೆಗೆದು ನೀವು ಹಾಲಿಗೆ ಬಂದರೆ ಅದೂ ಕಾಯುತ್ತದೆ. ಬಾಗಿಲು ತೆಗೆಯದೇ ಹಾಲಿನಲ್ಲಿ ಯಾರಾದರೂ ಓಡಾಡಿದರೆ ಒಂದು ಸೆಕೆಂಡೂ ಕಾಯುವುದಿಲ್ಲ.

ನಿಮ್ಮ ಕಳ್ಳನ ವಿಷಯಕ್ಕೆ ಬರೋಣ. ಮಲಗುವ ಕೋಣೆ ಕೀಪ್ಯಾಡಿನ ದಾರಿಯಲ್ಲಿ ಇಲ್ಲ ಅಲ್ವಾ? ಅಲ್ಲಿನ ಸೆನ್ಸರನ್ನು ಇನ್‌ಸ್ಟಂಟ್ ಮಾಡಿಸಿ. ಆಗ ಮುಂಬಾಗಿಲ ಬೀಪ್ ನಡೆಯುತ್ತಿದ್ದರೂ ಅವನು ಆ ಕೋಣೆಗೆ ಕಾಲಿಟ್ಟ ಕೂಡಲೇ ಸೈರನ್ ಕೂಗುತ್ತದೆ.

ನಿಜವಾದ ತೊಂದರೆ ಬೇರೆ ಕಡೆ ಇದೆ. ಕೆಲವು ಸೆಟ್‌ಗಳಲ್ಲಿ ಕೀಪ್ಯಾಡ್, ಸೈರನ್, ಸಂದೇಶ ಕಳಿಸುವ ಭಾಗ ಎಲ್ಲವೂ ಒಂದೇ ಡಬ್ಬಿಯಲ್ಲಿ, ಅದೂ ಬಾಗಿಲ ಪಕ್ಕದಲ್ಲೇ. ಡಿಲೇ ಮುಗಿಯುವ ಮೊದಲೇ ಅದನ್ನು ಒಡೆದು ಹಾಕಿದರೆ ಯಾರಿಗೂ ಸುದ್ದಿ ಹೋಗದೇ ಇರಬಹುದು. ಮುಖ್ಯ ಪ್ಯಾನೆಲ್ ಒಳಗಿನ ಕೋಣೆಯಲ್ಲಿ ಇರಲಿ. ಇನ್ನು ಕೆಲವು ವ್ಯವಸ್ಥೆಗಳು ಬಾಗಿಲು ತೆಗೆದಾಗಲೇ ಸರ್ವರ್‌ಗೆ ತಿಳಿಸುತ್ತವೆ. ಹೇಳಿದ ಹೊತ್ತಿಗೆ ಕೋಡ್ ಬರದಿದ್ದರೆ ಸರ್ವರೇ ಎಚ್ಚರಿಕೆ ಕಳಿಸುತ್ತದೆ.

ಸಮಯ ಎಷ್ಟಿರಬೇಕು? ಕೈಯಲ್ಲಿ ಚೀಲ ಹಿಡಿದು ಬಾಗಿಲಿಂದ ಕೀಪ್ಯಾಡ್‌ವರೆಗೆ ನಡೆದು ಕೋಡ್ ಒತ್ತಿ ನೋಡಿ. ಅದಕ್ಕೆ ಕೆಲವು ಸೆಕೆಂಡ್ ಸೇರಿಸಿದರೆ ಸಾಕು. ತೀರಾ ಬಿಗಿ ಮಾಡಿದರೆ ಸುಮ್ನೆ ನಿಮ್ಮ ಮೇಲೇ ಸೈರನ್ ಕೂಗುತ್ತಿರುತ್ತದೆ.