‘ಹಳೆ ಕಾರಿಗೆ ಗ್ಯಾರಂಟಿ ಇಲ್ಲ’ ಎಂದು ಡೀಲರ್ ಕೈತೊಳೆದುಕೊಳ್ಳಬಹುದೇ?

ಪ್ರಶ್ನೆ: ಮೂರು ವಾರಗಳ ಹಿಂದೆ ಮಾಗಡಿ ರಸ್ತೆಯ ಡೀಲರ್ ಒಬ್ಬರಿಂದ 2017ರ ಮಾದರಿಯ ಸೆಕೆಂಡ್ ಹ್ಯಾಂಡ್ ಕಾರನ್ನು 4.75 ಲಕ್ಷ ರೂಪಾಯಿಗೆ ಕೊಂಡೆ. ‘ಸಿಂಗಲ್ ಓನರ್, 48,000 ಕಿ.ಮೀ. ಓಡಿದೆ, ಅಪಘಾತ ಆಗಿಲ್ಲ’ ಎಂದಿದ್ದರು. ಹದಿನೈದನೇ ದಿನ ನೈಸ್ ರಸ್ತೆಯಲ್ಲಿ ಗೇರ್ ಬಾಕ್ಸ್ ಕೈಕೊಟ್ಟಿತು. ಕೇಳಿದರೆ, ‘ಹಳೆ ಕಾರಿಗೆ ಗ್ಯಾರಂಟಿ ಎಲ್ಲಿಂದ ಬರಬೇಕು ಸಾರ್? ಇದ್ದ ಸ್ಥಿತಿಯಲ್ಲಿ ಒಪ್ಪಿದ್ದೇನೆ ಎಂದು ನೀವೇ ಸಹಿ ಮಾಡಿದ್ದೀರಿ’ ಎನ್ನುತ್ತಾರೆ. ನನಗೇನಾದರೂ ಹಕ್ಕು ಇದೆಯೇ?
– ಓದುಗರೊಬ್ಬರು, ನಾಗರಬಾವಿ

ಉತ್ತರ: ಇದೆ. ಅದು ಎಷ್ಟು ಗಟ್ಟಿ ಎಂಬುದು ಮಾರುವಾಗ ಡೀಲರ್ ಆಡಿದ ಆ ಮೂರು ಮಾತುಗಳ ಮೇಲೆ ನಿಂತಿದೆ.

ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಹೊಸ ವಸ್ತು ಕೊಂಡವರಿಗೆ ಮಾತ್ರ ಮೀಸಲಾದುದಲ್ಲ. ಸ್ವಂತ ಬಳಕೆಗೆ ಹಳೆ ಕಾರು ಕೊಂಡವರೂ ಗ್ರಾಹಕರೇ. ಹಾಗೆಂದು ಕೆಟ್ಟದ್ದೆಲ್ಲ ದೋಷವಾಗುವುದಿಲ್ಲ. ಅಷ್ಟು ವರ್ಷ ಓಡಿದ ಕಾರಿನ ಕ್ಲಚ್ ಸವೆದಿದ್ದರೆ, ಬ್ಯಾಟರಿ ಸತ್ತರೆ ಅದು ವಯಸ್ಸಿನ ಫಲ. ಆ ಖರ್ಚು ನಿಮ್ಮದೇ. ಆದರೆ 48,000 ಎಂದು ಹೇಳಿದ ಕಾರು ನಿಜಕ್ಕೂ ಅದರ ಎರಡರಷ್ಟು ಓಡಿದ್ದರೆ ಅದು ಸುಳ್ಳು ಹೇಳಿ ಮಾರಿದಂತೆ. ಕಾನೂನಿನ ಮಾತಿನಲ್ಲಿ ಅನುಚಿತ ವ್ಯಾಪಾರ ಪದ್ಧತಿ. ‘ಇದ್ದ ಸ್ಥಿತಿಯಲ್ಲಿ’ ಎಂಬ ಸಾಲು ನೀವು ನೋಡಿದ, ನೋಡಿದ್ದರೆ ಕಾಣಬಹುದಾಗಿದ್ದ ಕೊರತೆಗಳ ವಿಷಯದಲ್ಲಿ ಡೀಲರ್ ನೆರವಿಗೆ ಬಂದೀತು. ಗೊತ್ತಿದ್ದೂ ಮುಚ್ಚಿಟ್ಟದ್ದಕ್ಕೆ ಆ ಸಹಿ ರಕ್ಷಣೆಯಲ್ಲ.

ಹಾಗಾಗಿ ಮೊದಲು ಸತ್ಯ ಹುಡುಕಿ. ಆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೆ ಹೋಗಿ, ಆರ್‌ಸಿ ಮತ್ತು ಚಾಸಿಸ್ ಸಂಖ್ಯೆ ತೋರಿಸಿ ಸರ್ವಿಸ್ ಇತಿಹಾಸ ಕೇಳಿ. ಕಾರು ಬಂದಾಗಲೆಲ್ಲ ಮೀಟರ್ ಎಷ್ಟಿತ್ತು ಎಂದು ಅಲ್ಲಿ ದಾಖಲಾಗಿರುತ್ತದೆ. ನನ್ನ ಭಾವ ಕೊಂಡ ಕಾರಿನ ಮೀಟರ್ 52,000 ತೋರಿಸುತ್ತಿತ್ತು. ಎರಡು ವರ್ಷ ಹಿಂದಿನ ಜಾಬ್ ಕಾರ್ಡಿನಲ್ಲೇ 71,000 ಎಂದಿತ್ತು. ಆ ಒಂದು ಹಾಳೆಯನ್ನು ಮೇಜಿನ ಮೇಲಿಟ್ಟ ಕೂಡಲೇ ಡೀಲರ್ ದನಿ ಇಳಿಯಿತು. ಹಾಗೆಯೇ ಆರ್‌ಟಿಒದಿಂದ ಬಿ ಎಕ್ಸ್‌ಟ್ರ್ಯಾಕ್ಟ್, ಅಂದರೆ ವಾಹನದ ನೋಂದಣಿ ವಿವರಗಳ ಪ್ರತಿ, ತೆಗೆಸಿ. ಸಿಂಗಲ್ ಓನರ್ ಎಂಬ ಮಾತು ನಿಜವೇ, ಬ್ಯಾಂಕ್ ಸಾಲ ಬಾಕಿ ಇದೆಯೇ ಎಂಬುದು ಅದರಲ್ಲಿ ತಿಳಿಯುತ್ತದೆ.

ನಮ್ಮ ಊರಿನಲ್ಲಿ ಇನ್ನೊಂದನ್ನೂ ನೋಡಲೇಬೇಕು. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಕಡೆ ಕಾರುಗಳು ಮುಳುಗಿದ್ದು ಎಲ್ಲರಿಗೂ ನೆನಪಿದೆ. ನೀರು ಕುಡಿದ ಕಾರನ್ನು ಒಣಗಿಸಿ, ಪಾಲಿಶ್ ಮಾಡಿ ನಿಲ್ಲಿಸಿದರೆ ಮೇಲ್ನೋಟಕ್ಕೆ ಗೊತ್ತಾಗುವುದಿಲ್ಲ. ಸೀಟ್ ಬೆಲ್ಟನ್ನು ಸುರುಳಿ ಮುಗಿಯುವವರೆಗೂ ಎಳೆಯಿರಿ. ಕೈಗೆ ಸಿಗುವ ಭಾಗವನ್ನು ತೊಳೆದಿರುತ್ತಾರೆ. ಒಳಗೆ ಸುತ್ತಿಕೊಂಡ ಕೊನೆಯ ಗೇಣುದ್ದದಲ್ಲಿ ಕೆಸರಿನ ಕಂದು ಗೆರೆ ಉಳಿದುಬಿಟ್ಟಿರುತ್ತದೆ. ಸ್ಟೆಪ್ನಿ ಎತ್ತಿ ಅದರ ಗುಂಡಿಯಲ್ಲಿ ಬೆರಳಾಡಿಸಿ, ಸೀಟಿನ ಕೆಳಗಿನ ಕಂಬಿಗಳಲ್ಲಿ ತುಕ್ಕು ಇದೆಯೇ ನೋಡಿ. ಗೇರ್ ಬಾಕ್ಸ್ ಹಾಳಾಗಲು ನೀರೂ ಕಾರಣವಾಗಿರಬಹುದು.

ಇನ್ನು ಬಿಲ್. ಬಹುಮಂದಿ ಸೋಲುವುದು ಇಲ್ಲೇ, ಅದು ನನಗೆ ನಿಜವಾಗಿಯೂ ನೋವಿನ ಸಂಗತಿ. ಡೀಲರ್ ಕೊಟ್ಟದ್ದು ಡೆಲಿವರಿ ನೋಟ್ ಮಾತ್ರವೇ? ಹಣ ಯಾರ ಖಾತೆಗೆ ಹೋಯಿತು? ‘ನಾನು ಬರೀ ಮಧ್ಯವರ್ತಿ, ಮಾರಿದ್ದು ಹಳೆ ಮಾಲೀಕರು’ ಎಂಬ ಮಾತು ನಾಳೆ ಬಂದೇ ಬರುತ್ತದೆ. ಬಿಲ್ ಕೊಡದಿರುವುದೇ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಅಲ್ಲದೆ, ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2022ರ ಡಿಸೆಂಬರ್‌ನಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಳೆ ವಾಹನಗಳ ಡೀಲರ್ ನೋಂದಣಿ ಪ್ರಾಧಿಕಾರದಿಂದ ಅಧಿಕಾರ ಪತ್ರ ಪಡೆದಿರಬೇಕು. ವಾಹನ ಒಪ್ಪಿಸಿದ್ದನ್ನು ಮಾಲೀಕರು ನಿಯಮದಂತೆ ತಿಳಿಸಿದ ಮೇಲೆ ಆ ಅಧಿಕೃತ ಡೀಲರನ್ನೇ ಮಾಲೀಕರೆಂದು ಪರಿಗಣಿಸಲಾಗುತ್ತದೆ. ನಿಮ್ಮ ಡೀಲರ್ ಬಳಿ ಆ ಪತ್ರ ಇದೆಯೇ ಎಂದು ಕೇಳಿ. ಜಾಹೀರಾತಿನ ಸ್ಕ್ರೀನ್‌ಶಾಟ್, ವಾಟ್ಸ್ಆ್ಯಪ್ ಸಂದೇಶ, ಹಣ ಪಾವತಿಯ ವಿವರ ಒಂದನ್ನೂ ಅಳಿಸಬೇಡಿ.

ಗೇರ್ ಬಾಕ್ಸ್ ಬಿಚ್ಚಿಸುವ ಆತುರ ಬೇಡ. ರಿಪೇರಿಯಾದ ಮೇಲೆ ದೋಷ ಏನಿತ್ತು ಎಂದು ತೋರಿಸುವುದು ಕಷ್ಟ. ಮೊದಲು ಸರ್ವಿಸ್ ಸೆಂಟರಿನಿಂದ ಲಿಖಿತ ತಪಾಸಣಾ ವರದಿ ಪಡೆಯಿರಿ. ಅದನ್ನು ಲಗತ್ತಿಸಿ, ಹಣ ವಾಪಸ್ ಅಥವಾ ಉಚಿತ ದುರಸ್ತಿ, ಯಾವುದು ಬೇಕೆಂದು ಸ್ಪಷ್ಟವಾಗಿ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳುಹಿಸಿ. ಈ ವಾರವೇ ಕಳುಹಿಸಿ ಎನ್ನಲು ಕಾರಣವಿದೆ: ಬಿಲ್ಲಿನಲ್ಲಿ ಅವಧಿ ನಮೂದಿಸಿರದಿದ್ದರೆ, ದೋಷವಿರುವ ವಸ್ತುವನ್ನು 30 ದಿನಗಳೊಳಗೆ ವಾಪಸ್ ಪಡೆದು ಹಣ ಮರಳಿಸಲು ನಿರಾಕರಿಸುವುದು ಕೂಡ ಕಾಯ್ದೆ ಪಟ್ಟಿ ಮಾಡಿರುವ ಅನುಚಿತ ಪದ್ಧತಿಗಳಲ್ಲೊಂದು.

ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಿ. 50 ಲಕ್ಷ ರೂಪಾಯಿವರೆಗಿನ ಖರೀದಿ ಅದರ ವ್ಯಾಪ್ತಿಗೆ ಬರುತ್ತದೆ. ನಿಮ್ಮದು 5 ಲಕ್ಷದ ಒಳಗಿರುವುದರಿಂದ ಶುಲ್ಕವೇ ಇಲ್ಲ. ವಕೀಲರು ಕಡ್ಡಾಯವಲ್ಲ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನ್ ಸೌಲಭ್ಯವೂ ಇದೆ. ಕಾಲಮಿತಿ ಎರಡು ವರ್ಷ.

ಜಗಳದ ನಡುವೆ ಆರ್‌ಸಿ ಮತ್ತು ವಿಮೆಯನ್ನು ಮರೆಯಬೇಡಿ. ಹೆಸರು ವರ್ಗಾವಣೆಗೆ ಕೊಂಡವರಿಗಿರುವ ಗಡುವು 30 ದಿನ, ವಿಮೆಯಲ್ಲಿ ಹೆಸರು ಬದಲಿಸಲು ಅರ್ಜಿ ಕೊಡಬೇಕಾದದ್ದು 14 ದಿನಗಳೊಳಗೆ. ನಿಮಗೆ ಆಗಲೇ ಮೂರು ವಾರ ಕಳೆದಿದೆ. ‘ಎಲ್ಲವನ್ನೂ ನಾವೇ ಮಾಡಿಸುತ್ತೇವೆ’ ಎಂದು ಡೀಲರ್ ಹೇಳಿದ್ದರೂ ಇಂದೇ ವಿಮಾ ಕಂಪನಿಗೆ ನೀವೇ ಫೋನ್ ಮಾಡಿ, ಪಾಲಿಸಿ ಯಾರ ಹೆಸರಿನಲ್ಲಿದೆ ಎಂದು ವಿಚಾರಿಸಿ.